ಎರಡು ಡೌನ್‌ಟೌನುಗಳ ಜಗಳ

ನ್ಯೂಯಾರ್ಕ್ ಮೇಲೋ ಫಿಲಡೆಲ್ಫಿಯಾ ಮೇಲೋ ಎಂದು ಯಾರಾದರೂ ನನ್ನೆದುರು ಶುರು ಮಾಡಿದರೆ ಈಗ ನಾನು ಎದ್ದು ಹೋಗುತ್ತೇನೆ. ಮೊನ್ನೆ ನ್ಯೂಜೆರ್ಸಿಯ ಮನ್ರೋದಲ್ಲಿ ಒಬ್ಬರ ಗೃಹಪ್ರವೇಶದ ಊಟದಲ್ಲಿ ಹೀಗೇ ಎದ್ದುಬಿಟ್ಟೆ, ಪಾಯಸದ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ. ಈ ಅಂಕಲ್‌ಗೆ ಏನಾಯಿತು ಎಂದು ಹುಡುಗರು ಮುಖ ಮುಖ ನೋಡಿಕೊಂಡರು. ಅವರಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಆ ಜಗಳವನ್ನು ಮೂರು ವರ್ಷ ದಿನಾ ಬೆಳಿಗ್ಗೆ ಆಡಿದವನು ನಾನು. ಆ ಜಗಳದ ಹುರುಪಿನಲ್ಲಿ ಬಾಯಿಗೆ ಬಂದ ಒಂದು ಮಾತು ಆಡಿ, ಒಂದು ಮಗುವಿನ ಶಾಲೆ ತಪ್ಪಿಸಿದವನೂ ನಾನೇ.

ಕಂಪ್ಯೂಟರ್ ಗೊತ್ತಿದ್ದವರನ್ನೆಲ್ಲ ಅಮೆರಿಕ ಕೈಬೀಸಿ ಕರೆಯುತ್ತಿದ್ದ ಕಾಲ ಅದು. ನಾನು ಮೈಸೂರಿನವನು, ಇನ್ನೂ ಮದುವೆಯಾಗಿರಲಿಲ್ಲ. ವೆಸ್ಟ್ ವಿಂಡ್ಸರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆ ನನ್ನದು, ಕೆಳಗಿನ ಮನೆಯಲ್ಲಿ ಧಾರವಾಡದ ಒಂದು ಸಂಸಾರ. ಮನೆಯ ಯಜಮಾನರು ನನಗಿಂತ ಐದಾರು ವರ್ಷ ದೊಡ್ಡವರು, ಹಾಗಾಗಿ ಅಣ್ಣ. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನಲು ಹೋದರೆ, ‘ಏ, ಅದೆಲ್ಲ ನಿಮ್ಮ ಮೈಸೂರಾಗ, ನಮ್ಮ ಕಡೆ ವೈನಿ ಅಂತಾರ’ ಎಂದು ತಿದ್ದಿದರು. ವೈನಿ ಎಂದೇ ಕರೆದೆ. ಶನಿವಾರ ಭಾನುವಾರ ನನ್ನ ಒಲೆ ಹತ್ತುತ್ತಲೇ ಇರಲಿಲ್ಲ, ಕೆಳಗೆ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಚಪ್ಪಲಿ ಮೆಟ್ಟಿಕೊಂಡು ಇಳಿಯುತ್ತಿದ್ದೆ.

ಅವರಿಗೆ ಒಬ್ಬಳೇ ಮಗಳು. ಹುಟ್ಟಿನಿಂದ ಕಿವಿ ಕೇಳಿಸದು. ಇಲ್ಲಿಗೆ ಬಂದಾಗ ನಾಲ್ಕು ವರ್ಷ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದು, ಕೊಡದಿದ್ದರೆ ನೆಲಕ್ಕೆ ತಲೆ ಜಜ್ಜಿಕೊಂಡು ಅಳುವುದು, ಇಷ್ಟೇ ಅವಳಿಗೆ ಗೊತ್ತಿದ್ದ ಮಾತು. ಇಲ್ಲಿಯ ಶಾಲೆಯಲ್ಲಿ ಕೈಮಾತು ಕಲಿಸಿದರು. ಆರು ತಿಂಗಳಾದ ಮೇಲೆ ಒಂದು ಭಾನುವಾರ ಊಟಕ್ಕೆ ಕೂತಾಗ ಎರಡೂ ಕೈಯ ಬೆರಳ ತುದಿ ಕೂಡಿಸಿ ಟಕಟಕನೆ ತಟ್ಟಿದಳು. ‘ಇನ್ನೊಂದು ಬೇಕಂತ!’ ಎಂದು ವೈನಿ ಕೂಗಿದ್ದು ಪಕ್ಕದ ಬಿಲ್ಡಿಂಗಿಗೂ ಕೇಳಿಸಿರಬೇಕು. ಅಣ್ಣ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಬಚ್ಚಲಿಗೆ ಹೋಗಿ ಅತ್ತು ಬಂದರು. ಆಮೇಲೆ ಗಂಡ ಹೆಂಡತಿ ಇಬ್ಬರೂ ಸಂಜೆ ತರಗತಿಗೆ ಹೋಗಿ ಕೈಮಾತು ಕಲಿತರು. ಧಾರವಾಡದ ಕಡೆ ಇಂಥ ಮಕ್ಕಳಿಗೆ ಶಾಲೆ ಇರಲಿಲ್ಲವೆಂದಲ್ಲ. ಅವರು ನೋಡಿಬಂದಿದ್ದ ಕಡೆ ತುಟಿ ನೋಡಿ ಮಾತು ಕಲಿಸುತ್ತಿದ್ದರಂತೆ. ಈ ಕೈಮಾತು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅಣ್ಣನಿಗೆ ವೀಸಾ ಇರುವಷ್ಟು ದಿನ ಮಗುವಿಗೆ ಶಾಲೆ, ಶಾಲೆ ಇರುವಷ್ಟು ದಿನ ಮಾತು. ಗ್ರೀನ್ ಕಾರ್ಡ್ ಬರುವವರೆಗೆ ಹೇಗಾದರೂ ಕೆಲಸ ಉಳಿಸಿಕೊಳ್ಳಬೇಕು ಎಂದು ವೈನಿ ಗುರುವಾರ ಗುರುವಾರ ಉಪವಾಸ ಮಾಡುತ್ತಿದ್ದರು.

ನಾವಿಬ್ಬರೂ ಕನ್ಸಲ್ಟಂಟುಗಳು. ವೀಸಾ ಒಂದು ಕಂಪನಿಯದು, ದುಡಿಯುವುದು ಇನ್ನೊಬ್ಬರ ಆಫೀಸಿನಲ್ಲಿ. ನಾನು ಮ್ಯಾನ್‌ಹಟನ್ನಿನ ಡೌನ್‌ಟೌನಿನ ಒಂದು ಬ್ಯಾಂಕಿನಲ್ಲಿ, ಅವರು ಫಿಲಡೆಲ್ಫಿಯಾದ ಡೌನ್‌ಟೌನಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ. ನಮ್ಮ ಊರು ಎರಡಕ್ಕೂ ನಡುವೆ. ಬೆಳಿಗ್ಗೆ ಒಂದೇ ಕಾರಿನಲ್ಲಿ ಸ್ಟೇಷನ್ನಿಗೆ ಹೋಗುತ್ತಿದ್ದೆವು. ಆಮೇಲೆ ನನ್ನ ರೈಲು ಈ ಕಡೆಯ ಪ್ಲಾಟ್‌ಫಾರ್ಮಿನಿಂದ, ಟ್ರೆಂಟನ್ನಿಗೆ ಹೋಗಿ ಬದಲಾಯಿಸಬೇಕಾದ ಅವರ ರೈಲು ಆ ಕಡೆಯಿಂದ. ನಡುವೆ ಹಳಿಗಳು. ಎದುರುಬದುರು ನಿಂತುಕೊಂಡು ಗಂಟಲು ಹರಿಯುವ ಹಾಗೆ ಕನ್ನಡದಲ್ಲಿ ಜಗಳ! ಸೂಟು ಹಾಕಿದ ಬಿಳಿಯರು ಪೇಪರಿನಿಂದ ತಲೆ ಎತ್ತಿ ನೋಡುತ್ತಿದ್ದರು.

‘ನಿಮ್ಮದೂ ಒಂದು ಊರಾ ಅಣ್ಣಾ? ಸಾಯಂಕಾಲ ಐದಕ್ಕೆ ಬಾಗಿಲು ಹಾಕ್ಕೊಂಡು ಎಲ್ಲರೂ ಮನೆಗೆ ಓಡ್ತಾರೆ!’

‘ನಿಮ್ಮ ಊರಾಗ ಆಕಾಶ ನೋಡಬೇಕಂದ್ರ ಟಿಕೀಟು ತಗೊಂಡು ನೂರು ಮಾಳಿಗಿ ಹತ್ತಬೇಕಲೇ ತಮ್ಮಾ! ಓಣಿಗೆ ಹೆಸರಿಲ್ಲ, ಜೈಲಿನಾಗಿನ ಕೈದಿಗಳಿಗೆ ಇದ್ದಂಗ ನಂಬರ್. ನಮ್ಮಲ್ಲಿ ನೋಡು, ಒಂದೊಂದು ಓಣಿಗೂ ಒಂದೊಂದು ಗಿಡದ ಹೆಸರು.’

‘ನಂಬರ್ ಇರೋದು ಮೇಲ್ಗಡೆ. ನಮ್ಮ ಡೌನ್‌ಟೌನಲ್ಲಿ ಹೆಸರೇ ಇರೋದು. ಒಂದು ಸಲ ಬಂದು ನೋಡಿ ಮಾತಾಡಿ!’

ಬಂದು ನೋಡಿಯೂ ಆಯಿತು. ಒಂದು ಶನಿವಾರ ಎಲ್ಲರೂ ಫಿಲಡೆಲ್ಫಿಯಾಕ್ಕೆ ಹೋದೆವು. ಗಡಿಯಾರದ ಗೋಪುರ, ಅದರ ತುದಿಯಲ್ಲಿ ಊರು ಕಟ್ಟಿದ ಪುಣ್ಯಾತ್ಮನ ಮೂರ್ತಿ. ಅಣ್ಣ ಅದನ್ನು ತಾವೇ ಕೆತ್ತಿದವರ ಹಾಗೆ ತೋರಿಸಿದರು. ಹಳೆಯ ಇಟ್ಟಿಗೆಯ ಮನೆಗಳು, ಮರಗಳು, ಹತ್ತು ನಿಮಿಷ ನಡೆದರೆ ಈ ಕೊನೆಯಿಂದ ಆ ಕೊನೆ. ದೊಡ್ಡ ಸೂರಿನ ಕೆಳಗಿನ ಸಂತೆಯಂಥ ಮಾರುಕಟ್ಟೆಯಲ್ಲಿ ಟೋಪಿ ಹಾಕಿದ ಹೆಂಗಸರು ಬಿಸಿ ಬ್ರೆಡ್ಡು ಹೆಣೆದು ಮಾರುತ್ತಿದ್ದರು. ಚೆನ್ನಾಗಿಯೇ ಇತ್ತು. ‘ಪರವಾಗಿಲ್ಲ, ನಮ್ಮ ಚಾಮರಾಜನಗರದಷ್ಟಿದೆ’ ಎಂದೆ. ವೈನಿ ನಕ್ಕು ನಕ್ಕು ಬೆಂಚಿನ ಮೇಲೆ ಕೂತುಬಿಟ್ಟರು.

ಮುಂದಿನ ಶನಿವಾರ ನನ್ನ ಸರದಿ. ಜೋಡಿ ಗೋಪುರಗಳು ಆಗ ಇದ್ದವು. ಅವುಗಳ ಅಡಿಯಿಂದ ಉದ್ದದ ಎಸ್ಕಲೇಟರ್ ಹತ್ತಿ ಮೇಲೆ ಬಂದೆವು. ಸಂದಿಯಂಥ ರಸ್ತೆಗಳಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಬಿಸಿಲು ಆರನೆಯ ಮಹಡಿಯಲ್ಲೇ ನಿಂತಿತ್ತು. ‘ಬಾವ್ಯಾಗ ಬಿದ್ದಂಗಾತು’ ಎಂದು ಅಣ್ಣ ಗೊಣಗಿದರು. ಆದರೆ ಮಗು ಫುಟ್‌ಪಾತಿನ ಕಬ್ಬಿಣದ ಜಾಲರಿಯ ಮೇಲೆ ತಟ್ಟನೆ ನಿಂತಳು. ಕೆಳಗೆ ಸಬ್‌ವೇ ಹೋಗುತ್ತಿತ್ತು. ಕೂತು ಎರಡೂ ಅಂಗೈ ಊರಿದಳು, ಕೆನ್ನೆ ಊರಲು ಹೋದಾಗ ವೈನಿ ತಡೆದರು. ಒಂದು ರೈಲು ಹೋದರೆ ಇನ್ನೊಂದು ಬರುವವರೆಗೆ ಏಳಲೊಲ್ಲಳು. ಬೆರಳ ತುದಿ ಕೂಡಿಸಿ ತಟ್ಟುವುದು: ಇನ್ನೊಂದು, ಇನ್ನೊಂದು. ಅವಳಿಗೆ ಕೇಳಿಸುವ ಊರು ಅದೊಂದೇ ಆಗಿತ್ತು. ‘ಆಕಿ ಪಾರ್ಟಿ ಬದಲಿಸ್ಯಾಳ, ಏನ್ ಮಾಡೋದು’ ಎಂದು ಅಣ್ಣ ಕೈಚೆಲ್ಲಿದರು. ನಾನು ಗೆದ್ದೆನೆಂದು ಎಲ್ಲರಿಗೂ ಐಸ್‌ಕ್ರೀಂ ಕೊಡಿಸಿದೆ.

ಡಾಟ್ ಕಾಂ ಗುಳ್ಳೆ ಒಡೆದದ್ದು ಅದಾದ ಮುಂದಿನ ಚಳಿಗಾಲ. ನಿನ್ನೆ ರೈಲಿನಲ್ಲಿ ಪಕ್ಕ ಕೂತಿದ್ದವನು ಇವತ್ತು ಕಾಣುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಕೆಲಸ ಹೋಯಿತು ಎಂದು ಬಾಯಿಬಿಟ್ಟು ಹೇಳುವುದು ನಮ್ಮವರಲ್ಲಿ ಇರಲೇ ಇಲ್ಲ. ಬೇರೆ ಕೆಲಸ ಸಿಕ್ಕ ಮೇಲೆ, ಪ್ರಾಜೆಕ್ಟ್ ಬದಲಾಯಿಸಿದೆ ಎನ್ನುತ್ತಿದ್ದರು, ಅಷ್ಟೇ. ಕೆಲಸ ಸಿಗುತ್ತಿದ್ದದ್ದೂ ಪೇಪರ್ ನೋಡಿ ಅಲ್ಲ. ಟೀಮಿನಲ್ಲಿದ್ದವನು ತನಗೆ ಗೊತ್ತಿದ್ದವನ ರೆಸ್ಯೂಮೆ ಮುಂದಿಟ್ಟರೆ ಆಯಿತು.

ಒಂದು ಮಂಗಳವಾರ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಟೀಮ್ ಲೀಡ್, ಅಮೆರಿಕದ ಹೆಂಗಸು, ತಟ್ಟೆ ಹಿಡಿದುಕೊಂಡು ನಮ್ಮ ಟೇಬಲ್ಲಿಗೆ ಬಂದಳು. ಒಬ್ಬ ಡೇಟಾಬೇಸ್ ಬಲ್ಲವನು ತುರ್ತಾಗಿ ಬೇಕು, ವೀಸಾ ವರ್ಗಾವಣೆಗೆ ಬೇಕಾದ ಕಾಗದವನ್ನೂ ಮಾಡಿಸೋಣ ಎಂದಳು. ಅಣ್ಣನ ಕೆಲಸ ಅದೇ. ನನ್ನ ಬಾಯಲ್ಲಿ ಅವರ ಕಥೆ ಕೇಳಿ ಕೇಳಿ ಅವಳಿಗೂ ಗೊತ್ತಿತ್ತು. ‘ನಿನ್ನ ಕೆಳಗಿನ ಮನೆಯವನು, ಪ್ಲಾಟ್‌ಫಾರ್ಮಿನಲ್ಲಿ ಜಗಳ ಆಡ್ತಾನಲ್ಲ, ಅವನು ಬರ್ತಾನಾ?’ ಎಂದು ಕೇಳಿದಳು.

ನಾನು ಏನು ಹೇಳಬೇಕಿತ್ತು? ಕೇಳಿ ಹೇಳ್ತೀನಿ ಎನ್ನಬೇಕಿತ್ತು. ಅಷ್ಟೇ, ಒಂದೇ ಮಾತು. ಟೇಬಲ್ಲಿನಲ್ಲಿ ಐದಾರು ಜನ ಇದ್ದರು, ನಗಿಸಬೇಕೆಂಬ ಚಟ ನನಗೆ. ‘ಅವರಾ? ಈ ಊರು ಬಾವಿ ಅಂತಾರೆ. ನೀವು ಪಲ್ಲಕ್ಕಿ ಕಳಿಸಿದ್ರೂ ಫಿಲಡೆಲ್ಫಿಯಾ ಬಿಟ್ಟು ಬರೋ ಆಸಾಮಿ ಅಲ್ಲ!’ ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಪಕ್ಕದ ಟೇಬಲ್ಲಿನವನು ತನ್ನ ಗೆಳೆಯನೊಬ್ಬ ಇದ್ದಾನೆ ಎಂದ. ನಾನು ಮೊಸರನ್ನ ತಿಂದು ಮುಗಿಸಿದೆ.

ಗುರುವಾರ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿದ ಮೇಲೆ ಅಣ್ಣ ಆ ಕಡೆಗೆ ಹೋಗಲಿಲ್ಲ. ನನ್ನ ಜೊತೆಗೇ ನನ್ನ ಪ್ಲಾಟ್‌ಫಾರ್ಮಿಗೆ ಬಂದು ನಿಂತರು.

‘ಏನಣ್ಣಾ, ಸೋತ್ರಾ?’ ಎಂದೆ, ನನ್ನ ನಾಲಿಗೆ ಬಿದ್ದುಹೋಗ.

‘ಸೋತೆ ತಮ್ಮಾ’ ಎಂದರು. ‘ಹೋದ ಶುಕ್ರವಾರನ ಪ್ರಾಜೆಕ್ಟ್ ಮುಗೀತು ಅಂದ್ರು. ನಮ್ಮ ಕಂಪನಿಯವರು ಒಂದು ತಿಂಗಳೊಳಗ ಬ್ಯಾರೆ ಕೆಲಸ ಸಿಗಲಿಲ್ಲಂದ್ರ ವೀಸಾ ಕ್ಯಾನ್ಸಲ್ ಅಂದಾರ. ನಿನಗ ಹೇಳ್ಲಿಕ್ಕೆ ಒಂದು ವಾರ ಬಾಯಿ ಬರಲಿಲ್ಲ ನೋಡು, ಸುಮ್ನ ರೈಲು ಹತ್ತಿ ಹೋಗಿ ಬರ್ತಿದ್ದೆ. ಇಷ್ಟು ದಿನ ಬೈದು, ಈಗ ನಿಮ್ಮ ಊರಾಗ ಒಂದು ಕೆಲಸ ಕೊಡಸಪಾ ಅಂತ ಹೆಂಗ ಕೇಳಲಿ?’

ಆಫೀಸಿಗೆ ಹೋದವನೇ ಬ್ಯಾಗು ಇಳಿಸದೆ ಲೀಡ್ ಮುಂದೆ ನಿಂತೆ. ಅವಳು ಹಿಂದಿನ ದಿನವೇ ಪಕ್ಕದ ಟೇಬಲ್ಲಿನವನ ಗೆಳೆಯನ ಕಾಗದಕ್ಕೆ ಸಹಿ ಮಾಡಿ ಕಳಿಸಿದ್ದಳು. ‘ನೀನೇ ಹೇಳಿದೆಯಲ್ಲ, ಅವನು ಬರೋದಿಲ್ಲ ಅಂತ?’ ಎಂದಳು. ಅದು ತಮಾಷೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ತಮಾಷೆಗೆ ಒಬ್ಬ ಮನುಷ್ಯನ ಬಗ್ಗೆ ಹಾಗೆ ಯಾಕೆ ಹೇಳುತ್ತಾರೆ ಎಂದು ಅವಳ ಮುಖದಲ್ಲೇ ಇತ್ತು. ನಾವು ಹಾಗೇ, ಹತ್ತಿರದವರನ್ನೇ ಹೀಯಾಳಿಸುವುದು, ಪ್ರೀತಿ ಹೆಚ್ಚಾದಷ್ಟೂ ಬೈಗುಳ ಹೆಚ್ಚು ಎಂದು ಅವಳಿಗೆ ಯಾವ ಇಂಗ್ಲಿಷಿನಲ್ಲಿ ಹೇಳುವುದು? ಇನ್ನೊಂದು ಹುದ್ದೆ ಇದೆಯೇ ಎಂದು ಕೇಳಿದೆ. ಇರಲಿಲ್ಲ. ಆ ವರ್ಷ ಆ ಬ್ಯಾಂಕಿನಲ್ಲಿ ಮತ್ತೆ ಯಾರನ್ನೂ ತೆಗೆದುಕೊಳ್ಳಲಿಲ್ಲ.

ಅಣ್ಣನಿಗೆ ನಾನು ಇದನ್ನು ಹೇಳಲಿಲ್ಲ. ‘ನಮ್ಮಲ್ಲಿ ಸದ್ಯಕ್ಕೆ ಏನೂ ಇಲ್ಲ ಅಣ್ಣಾ’ ಎಂದೆ. ಹೇಡಿ. ರೆಸ್ಯೂಮೆಯನ್ನು ಕಂಡ ಕಂಡವರಿಗೆ ಕಳಿಸಿದೆ, ರೈಲಿನಲ್ಲಿ ಪರಿಚಯವಿಲ್ಲದವರ ಕೈ ಹಿಡಿದು ಕೇಳಿದೆ. ಎರಡು ಫೋನ್ ಇಂಟರ್‌ವ್ಯೂ ಆದವು, ಎರಡೂ ಕಡೆ ಆಮೇಲೆ ಸುದ್ದಿಯೇ ಇಲ್ಲ. ವೈನಿ ಉಪವಾಸವನ್ನು ಸೋಮವಾರಕ್ಕೂ ಹೆಚ್ಚಿಸಿದರು. ಮೊದಲಿನ ಹಾಗೆಯೇ ನನಗೆ ರೊಟ್ಟಿ ಬಡಿಸುತ್ತಿದ್ದರು, ನಾನು ಅರ್ಧಕ್ಕೇ ಎದ್ದು ಕೈ ತೊಳೆಯುತ್ತಿದ್ದೆ. ‘ಯಾಕ, ನಿಮಗೂ ಕೆಲಸದ ಟೆನ್ಶನ್ ಏನು?’ ಎಂದು ಅವರೇ ನನಗೆ ಸಮಾಧಾನ ಹೇಳುತ್ತಿದ್ದರು. ತಿಂಗಳು ಮುಗಿಯಿತು. ಟಿಕೆಟ್ ಆಯಿತು. ಶಾಲೆಯವರು ಮಗುವಿಗೆ ಒಂದು ಪಾರ್ಟಿ ಮಾಡಿ, ಎಲ್ಲ ಮಕ್ಕಳ ಅಂಗೈ ಅಚ್ಚು ಒತ್ತಿದ ದೊಡ್ಡ ಕಾಗದ ಕೊಟ್ಟು ಕಳಿಸಿದರು.

ಹೊರಡುವ ದಿನ ಮಧ್ಯಾಹ್ನ ಸೂಟ್‌ಕೇಸುಗಳನ್ನು ವ್ಯಾನಿಗೆ ಹಾಕುತ್ತಿದ್ದೆವು. ವೈನಿ ಒಳಗೆ ಮನೆ ಗುಡಿಸುತ್ತಿದ್ದರು. ಖಾಲಿ ಮನೆಯಲ್ಲಿ ಕಸ ಬಿಟ್ಟು ಹೋಗಬಾರದಂತೆ. ನನಗೆ ಇನ್ನು ತಡೆಯಲಾಗಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ: ಮಂಗಳವಾರ, ಊಟದ ಟೇಬಲ್ಲು, ಲೀಡ್ ಕೇಳಿದ್ದು, ನಾನು ನಗಿಸಿದ್ದು. ಹೊಡೆಯಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ.

ಅಣ್ಣ ಸೂಟ್‌ಕೇಸಿನ ಹಗ್ಗ ಎಳೆದು ಬಿಗಿದರು. ಆಮೇಲೆ, ‘ನೀ ಸುಳ್ಳೇನ್ ಹೇಳಿಲ್ಲಲ್ಲೋ ತಮ್ಮಾ. ದಿನಾ ಹಳಿ ಆಚೆ ನಿಂತು ನಾನ ಒದರತಿದ್ದೆ, ಸತ್ತರೂ ನಿಮ್ಮ ಊರಿಗೆ ಬರೂದಿಲ್ಲ ಅಂತ’ ಎಂದರು. ‘ಇದನ್ನ ಹೊಟ್ಟಿಯೊಳಗ ಇಟಗೊಂಡು ಒಂದು ತಿಂಗಳು ಹೆಂಗ ಇದ್ದಿ? ನಿಮ್ಮ ವೈನಿಗೆ ಮಾತ್ರ ಹೇಳಬ್ಯಾಡ.’

ನಾನು ಅಳುತ್ತಿದ್ದದ್ದನ್ನು ನೋಡಿ ಮಗು ವ್ಯಾನಿನಿಂದ ಇಳಿದು ಬಂದಳು. ನನ್ನ ತೋಳು ಜಗ್ಗಿ ಕೈಯಲ್ಲಿ ಏನೋ ಉದ್ದವಾಗಿ ಕೇಳಿದಳು. ಮೂರು ವರ್ಷ ಅವರ ಮನೆಯಲ್ಲಿ ಉಂಡು ನಾನು ಕಲಿತದ್ದು ‘ಇನ್ನೊಂದು’, ‘ಸಾಕು’, ಎರಡೇ. ಏನಂತೆ ಎಂದು ಅಣ್ಣನನ್ನು ಕೇಳಿದೆ.

‘ಧಾರವಾಡದಾಗ ಎಷ್ಟು ಮಂದಿಗೆ ಕೈಮಾತು ಬರ್ತದ ಅಂತ ಕೇಳ್ಲಿಕ್ಕತ್ತಾಳ.’

‘ತುಂಬಾ ಜನಕ್ಕೆ ಅನ್ನಿ ಅಣ್ಣಾ. ಏನೋ ಒಂದು ಹೇಳಿ.’

‘ಆಕಿಗೆ ನಾ ಇನ್ನೂತನಕ ಸುಳ್ಳು ಹೇಳಿಲ್ಲ’ ಎಂದು ಅಣ್ಣ ಮಂಡಿಯೂರಿ ಕೂತು ಮಗಳ ಎದುರು ಮೂರು ಬೆರಳು ಎತ್ತಿದರು. ಅಪ್ಪ, ಅಮ್ಮ, ನೀನು ಎಂದು ಒಬ್ಬೊಬ್ಬರನ್ನೂ ತೋರಿಸಿದರು.

ಅವಳು ಅಪ್ಪನ ಕೈ ನೋಡಿದಳು. ಆಮೇಲೆ ಆ ಮೂರರಲ್ಲಿ ತನ್ನ ಲೆಕ್ಕದ ಬೆರಳನ್ನು ಹಿಡಿದು ಮಡಚಿದಳು. ತನ್ನ ಜೊತೆ ತಾನೇ ಮಾತಾಡಿಕೊಳ್ಳುವುದು ಹೇಗೆ? ಉಳಿದದ್ದು ಎರಡು.