ಕ್ಯಾಲೆಂಡರಿನಲ್ಲಿದ್ದ ನನ್ನ ಸೊಂಟ

ಎಪ್ಪತ್ತರ ದಶಕದಲ್ಲಿ ನಾವು ರಾಜಾಜಿನಗರದಲ್ಲಿದ್ದೆವು. ಹಿಂದಿನ ರಸ್ತೆಯಲ್ಲಿ ಕ್ಯಾಲೆಂಡರುಗಳಿಗೆ ಚಿತ್ರ ಬರೆಯುವವರೊಬ್ಬರು ಇದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಚಿತ್ರಕಲೆ ಓದುತ್ತಿದ್ದ ನಾನು ಭಾನುವಾರಗಳಂದು ಅವರು ಬಣ್ಣ ಬೆರೆಸುವುದನ್ನು ನೋಡಲು ಹೋಗುತ್ತಿದ್ದೆ.

ಒಂದು ದಿನ, “ಕೊಡ ಹಿಡ್ಕೊಂಡು ಸ್ವಲ್ಪ ಹೊತ್ತು ನಿಂತ್ಕೋತೀಯೇನಮ್ಮ? ನೆರಿಗೆ ಹೇಗೆ ಬೀಳುತ್ತೆ ನೋಡ್ಬೇಕು” ಎಂದರು. ಅವರ ಹೆಂಡತಿ ಪಕ್ಕದಲ್ಲೇ ಹೂ ಕಟ್ಟುತ್ತಿದ್ದರು. ಅಮ್ಮನ ಹತ್ತಿ ಸೀರೆಯುಟ್ಟು ನಿಂತೆ. ನಿಜ ಹೇಳಬೇಕೆಂದರೆ, ಹೆಮ್ಮೆಯಾಗಿತ್ತು.

ಹೊಸ ವರ್ಷ ಬಂದಾಗ ರಾಗಿ ಬೀಸಿಸಲು ಅಮ್ಮನ ಜೊತೆ ಗಿರಣಿಗೆ ಹೋಗಿದ್ದೆ. ಗೋಡೆಯ ಮೇಲೆ ಹೊಸ ಕ್ಯಾಲೆಂಡರು. ಕೊಡ ಹಿಡಿದ ಹೆಂಗಸು. ಬೆಣ್ಣೆಯ ಬಣ್ಣ, ಮೈಗಂಟಿದ ಒದ್ದೆ ಸೀರೆ, ಉಬ್ಬಿಸಿದ ಎದೆ. ಮುಖ ಯಾರದೋ. ನಿಂತ ಭಂಗಿ ಮಾತ್ರ ನನ್ನದು. ಪೋಲಿಯೋ ಬಂದ ಬಲಗಾಲಿಗೆ ಭಾರ ಬಿಡಲಾಗದೆ ನಾನು ಸೊಂಟವನ್ನು ಎಡಕ್ಕೆ ವಾಲಿಸಿ ನಿಲ್ಲುತ್ತೇನೆ. ಅದನ್ನೇ ಮೇಷ್ಟ್ರು ಬಳುಕು ಮಾಡಿದ್ದರು. ಆ ಸೊಂಟದ ಮೇಲೆ ಹಿಟ್ಟು ಮೆತ್ತಿದ ಬೆರಳುಗಳ ಗುರುತಿತ್ತು.

“ಥೂ, ಮಾನ ಮರ್ಯಾದೆ ಇಲ್ಲದ ಹೆಂಗಸು,” ಎಂದು ಅಮ್ಮ ಮುಖ ತಿರುಗಿಸಿದಳು. ನಾನು ಗಿರಣಿಯ ಹೊರಗೆ ಹೋಗಿ ವಾಂತಿ ಮಾಡಿಕೊಂಡೆ.

ಸಂಜೆ ಮೇಷ್ಟ್ರ ಮನೆಗೆ ಹೋಗಿ ಆ ಚಿತ್ರದ ಬಗ್ಗೆ ಕೇಳಿದೆ. ಅವರು ಕುಂಚ ಒರೆಸುತ್ತಲೇ, “ಮುಖ ನಿಂದಲ್ವಲ್ಲಮ್ಮ, ಯಾರಿಗೆ ಗೊತ್ತಾಗುತ್ತೆ?” ಎಂದರು.

“ನನಗೆ ಗೊತ್ತಾಯ್ತಲ್ಲ ಸಾರ್.”

“ಕುಂಟಿಯನ್ನ ಹಾಗೇ ಬರೆದ್ರೆ ಯಾರಮ್ಮ ಗೋಡೆಗೆ ಹಾಕ್ಕೋತಾರೆ?”

ಅವರು ನಗುತ್ತಿದ್ದರು. ಆ ನಗೆಗೂ ಟರ್ಪೆಂಟೈನಿನ ವಾಸನೆಗೂ ಒಟ್ಟಿಗೇ ಅಸಹ್ಯವಾಗಿ ಎದ್ದುಬಂದೆ. ಆಮೇಲೆ ಆ ಮನೆಯ ಹೊಸಿಲು ತುಳಿಯಲಿಲ್ಲ.

ಆ ವರ್ಷ ಕಾಲೇಜಿನ ಪ್ರದರ್ಶನಕ್ಕೆ ಕನ್ನಡಿಯ ಮುಂದೆ ನಿಂತು ನನ್ನನ್ನೇ ಬರೆದೆ. ಲಂಗವನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಸಣಕಲು ಕಾಲು, ಒಣಗಿದ ಚರ್ಮ, ಎಲ್ಲವನ್ನೂ ಕಂಡಂತೆಯೇ ಬರೆದೆ. ಅಮ್ಮ ನೋಡಿ, “ಇದನ್ನ ಊರಿಗೆಲ್ಲ ತೋರಿಸ್ಬೇಕೇನೇ?” ಎಂದು ಅತ್ತಳು. ನಾನು ಕೇಳಲಿಲ್ಲ.

ಪ್ರದರ್ಶನದ ಮೊದಲ ದಿನವೇ ರೇಷ್ಮೆ ಸೀರೆಯ ಹೆಂಗಸೊಬ್ಬರು ಚಿತ್ರದ ಮುಂದೆ ನಿಂತು, “ಅಯ್ಯೋ ಪಾಪ” ಎಂದು ಲೊಚಗುಟ್ಟಿದರು. ಹಿಂದೆ ನಿಂತಿದ್ದ ನನ್ನ ಕಾಲನ್ನು ಕಂಡ ಮೇಲೆ ಅವರ ಕಣ್ಣುಗಳು ಇನ್ನೂ ತೇವವಾದವು. ಗಿರಣಿಯಲ್ಲಿ ಎದ್ದ ಅದೇ ಹೇಸಿಗೆ ಮತ್ತೆ ಎದ್ದಿತು.

“ಪಾಪ ಏನೂ ಇಲ್ಲ ಆಂಟಿ. ನಾನು ನಿಲ್ಲೋದೇ ಹಾಗೆ,” ಎಂದೆ.

ಅವರು ಸರಿದು ಹೋದರು. ಚಿತ್ರ ಕೊನೆಯ ದಿನದವರೆಗೂ ಅಲ್ಲೇ ಇತ್ತು.