ಟಿವಿಯಲ್ಲಿ ಮುಳುಗುವ ಊರು

ಕನ್ನಂಬಾಡಿ ಕಟ್ಟೆಯ ಗೇಟು ತೆಗೆದರೆಂದರೆ ಸಾಕು, ನಮ್ಮ ಶ್ರೀರಂಗಪಟ್ಟಣ ಟಿವಿಯಲ್ಲಿ ಮುಳುಗುತ್ತದೆ. ಹುಟ್ಟಿದಾಗಿನಿಂದ ಇದೇ ಊರಲ್ಲಿರುವ ನನ್ನ ಮನೆ ಬಾಗಿಲಿಗೆ ಒಮ್ಮೆಯೂ ಹೊಳೆ ಬಂದಿಲ್ಲ. ತಗ್ಗಿನ ಕೆಲವು ಮನೆಗಳಿಗೆ, ತೋಟಗಳಿಗೆ ನೀರು ನುಗ್ಗುವುದುಂಟು. ಅವರ ಪಾಡು ಕೇಳಲು ಯಾರೂ ಕ್ಯಾಮೆರಾ ಹಿಡಿದು ಹೋಗುವುದಿಲ್ಲ.

ತಂಗಿಯ ಮದುವೆಯ ಹಿಂದಿನ ದಿನವೂ ಹೀಗೇ ಆಯಿತು. ಶ್ರಾವಣದ ಲಗ್ನ, ನಮ್ಮೂರಿನದೇ ಛತ್ರ. ಗಂಡಿನವರು ಕಿಕ್ಕೇರಿ ಕಡೆಯವರು, ದೀಪ ಹಚ್ಚುವ ಹೊತ್ತಿಗೆ ಬಸ್ಸು ಮಾಡಿಕೊಂಡು ಹೊಳೆಯ ಸೇತುವೆ ದಾಟಿ ಬರಬೇಕಿತ್ತು. ಬೆಳಿಗ್ಗೆ ನಾನು ಛತ್ರಕ್ಕೆ ಹೊರಡುವಾಗ ಅವ್ವ ಟಿವಿ ಮುಂದೆ ಕೂತು, ಅಕ್ಕಿ ಮೂಟೆಯನ್ನು ಅಟ್ಟಕ್ಕೆ ಏರಿಸಿ ಎನ್ನುತ್ತಿದ್ದಳು.

“ಊರು ಮುಳುಗ್ತಾ ಅದೆ ಕಣೇ. ನೋಡಿಲ್ಲಿ, ಸೊಂಟದ್ ಮಟ್ಟ ಬಂದ್ಬುಟ್ಟದೆ.”

“ಬಾಗ್ಲಾಚೆ ನೋಡವ್ವ. ಬೆಳಗ್ಗೆ ಬುಟ್ಟ ರಂಗೋಲಿ ಅಂಗೇ ಅದೆ.”

ಅವ್ವ ರಂಗೋಲಿ ನೋಡಿದಳು, ಮತ್ತೆ ಟಿವಿಗೇ ತಿರುಗಿದಳು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಅಷ್ಟರಲ್ಲಿ ವರನ ದೊಡ್ಡಪ್ಪನ ಫೋನು. ಆ ಮನೆಯಲ್ಲಿ ಅವರು ಹೇಳಿದ್ದೇ ಆಗುವುದು.

“ಟಿವಿಲಿ ನೋಡುದ್ವಿ ಕಣವ್ವ. ಇಂಥದ್ರಲ್ಲಿ ಎಂಗಸ್ರು ಮಕ್ಳ ಕಟ್ಕೊಂಡು ಸೇತ್ವೆ ದಾಟದು ಬ್ಯಾಡ. ಮದ್ವೆ ಮುಂದುಕ್ಕಾಕವ.”

ಸೇತುವೆ ನೆಟ್ಟಗಿದೆ, ಬಸ್ಸು ಓಡುತ್ತಿವೆ ಎಂದೆ. ಮೊಬೈಲಿನಲ್ಲಿ ಫೋಟೋ ಕಳಿಸಿದೆ. “ಅದು ಓದ್ ವರ್ಸದ್ದಿರಬೇಕು. ಎಣ್ಣಿನ ಕಡೆಯೋರು ನೀವು, ಇದ್ದುದ್ನ ಇದ್ದಂಗೆ ಏಳೀರಾ?” ಎಂದು ಫೋನು ಇಟ್ಟರು. ಎಲ್ಲ ಕೇಳಿಸಿಕೊಂಡ ತಂಗಿ, ಮೆಹಂದಿ ಹಚ್ಚಿದ ಕೈಗಳನ್ನು ಹಾಗೇ ಚಾಚಿಕೊಂಡು ಗೋಡೆಗೆ ಒರಗಿಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು.

ನೇರ ಸ್ನಾನಘಟ್ಟಕ್ಕೆ ಹೋದೆ. ನೀರಲ್ಲಿ ನಿಂತು ಸುದ್ದಿ ಹೇಳುವ ಟಿವಿಯ ಹುಡುಗ ಅಲ್ಲೇ ಇದ್ದ. ಬೆಳಗಿನ ಸುದ್ದಿಗೆ ಪಾದ, ಆಮೇಲಿನ ಸುದ್ದಿಗೆ ಮಂಡಿ, ಈಗ ಸೊಂಟ ಎಂದು ಹೂ ಮಾರುವಾಕೆ ಹೇಳಿದಳು. ಹೊಳೆ ತುಂಬಿತ್ತು, ಸುಳ್ಳಲ್ಲ. ಆದರೆ ನೀರು ಬೆಳಿಗ್ಗೆ ಇದ್ದಲ್ಲೇ ಇತ್ತು. ಒಂದೊಂದು ಸುದ್ದಿಗೂ ಒಂದೊಂದು ಮೆಟ್ಟಿಲು ಇಳಿಯುತ್ತಿದ್ದವನು ಅವನು.

“ಸೇತುವೆ ಮೇಲೆ ಬಸ್ಸು ಓಡ್ತಾ ಇವೆ ಅಂತ ಒಂದು ಮಾತು ಹೇಳಪ್ಪ,” ಎಂದೆ. “ನನ್ನ ತಂಗಿ ಮದುವೆ ನಿಲ್ತಾ ಇದೆ.”

ಕೆಟ್ಟ ಹುಡುಗನೇನಲ್ಲ. ಒದ್ದೆ ಪ್ಯಾಂಟಿನಲ್ಲಿ ನಡುಗುತ್ತಿದ್ದ. “ಬಸ್ಸು ಓಡೋದನ್ನ ತೋರಿಸೋಕೆ ನನ್ನನ್ನ ಯಾಕೆ ಕಳಿಸ್ತಾರೆ ಮೇಡಂ?” ಎಂದು ಮೈಕು ಹಿಡಿದು ಮತ್ತೆ ನೀರಿಗಿಳಿದ. ಕಾವೇರಿಯ ರೌದ್ರಾವತಾರ ಶುರುವಾಯಿತು.

ನಿಜ ಹೇಳಿ ಹೇಳಿ ನನಗೆ ಸಾಕಾಗಿತ್ತು. ಅಲ್ಲೇ ಮೆಟ್ಟಿಲ ಮೇಲೆ ನಿಂತು ದೊಡ್ಡಪ್ಪನಿಗೆ ಫೋನು ಹಚ್ಚಿ, ಆ ಹುಡುಗನ ಹಾಗೇ ದನಿ ಏರಿಸಿದೆ.

“ಮಾವ, ನೀವೇಳಿದ್ದೇ ಸರಿ. ನೀರು ಏರ್ತಾನೇ ಅದೆ. ಮಧ್ಯಾನದ ಮ್ಯಾಲೆ ಸೇತ್ವೆ ಮುಚ್ಬುಡ್ತರಂತೆ. ಬ್ಯಾರೆ ಛತ್ರದ ಗಂಡಿನೋರೆಲ್ಲ ಆಗ್ಲೇ ಓಡೋಡಿ ಬಂದು ದಾಟ್ಕಂಡವ್ರೆ. ಉಳ್ದಿರೋರು ನೀವೊಬ್ರೇ.”

ಆ ಕಡೆ ಕೂಡಲೇ, “ಲೇ, ಬಸ್ಸು ವೊರಡುಸ್ರಲಾ,” ಎಂದು ಅವರು ಯಾರಿಗೋ ಕೂಗಿದ್ದು ಕೇಳಿಸಿತು.

ಸಂಜೆಗೆ ಬರಬೇಕಾದವರು ಮಧ್ಯಾಹ್ನಕ್ಕೇ ಬಂದಿಳಿದರು. ಅಡುಗೆಯವರು ಇನ್ನೂ ಬೇಳೆ ಬೇಯಲು ಇಟ್ಟಿರಲಿಲ್ಲ. ಹಸಿದು ಬಂದವರಿಗೆ ಉಪ್ಪಿಟ್ಟು ಮಾಡಿಸಿ, ಅಡುಗೆಯವರಿಂದ ಬೈಸಿಕೊಂಡೆ. ದೊಡ್ಡಪ್ಪ ಬಸ್ಸಿಳಿದವರೇ ಸೊಂಟದ ಮಟ್ಟದ ನೀರು ಎಲ್ಲಿ ಎಂದು ಸುತ್ತ ನೋಡಿದರು. “ಈಗ ತಾನೆ ಇಳೀತು ಮಾವ,” ಎಂದೆ. ಅವರ ಮುಖ ಸಪ್ಪಗಾಯಿತು. ಮರುದಿನ ಬೆಳಿಗ್ಗೆ ಧಾರೆ ಆಯಿತು.

ಈ ವರ್ಷ ಮತ್ತೆ ಗೇಟು ತೆಗೆದರು. ಮತ್ತೆ ಟಿವಿಯಲ್ಲಿ ಕೆಂಪು ಅಕ್ಷರ, ಮತ್ತೆ ರೌದ್ರಾವತಾರ, ಮತ್ತೆ ದೊಡ್ಡಪ್ಪನ ಫೋನು.

“ಊರು ಮುಳುಗೋಯ್ತಂತೆ?”

“ಇಲ್ಲ ಮಾವ. ಏನೂ ಆಗಿಲ್ಲ.”

“ಅಂಗಾದ್ರೆ ಸರಿ ಬುಡು. ಆ ಟಿವಿಯೋರು ಬರೀ ಸುಳ್ಳು. ಅವತ್ತು ನೀನೊಬ್ಳು ನಿಜ ಏಳುದ್ದಕ್ಕೆ ಕಣವ್ವ ಮದ್ವೆ ಆಗಿದ್ದು.”