ಸುಸ್ತಾದವಳ ಪಾತ್ರ

ಕೇಳಿ ಮಾರಾಯ್ರೆ. ಇವತ್ತು ನಾವುಂದದ ಮೀನು ಮಾರ್ಕೆಟ್ಟಿಗೆ ಸಿನೆಮಾದವರು ಬಂದು, ಮೀನು ಮಾರುವ ನನ್ನನ್ನೇ ಕ್ಯಾಮರಾದ ಮುಂದೆ ನಿಲ್ಲಿಸಿದರು. ಮಾತಿಲ್ಲ, ದುಡಿದು ಸುಸ್ತಾದದ್ದು ಮೈಯಲ್ಲೇ ಕಾಣಬೇಕಂತೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದವಳು ನಾನು. ಎಂದಿನಂತೆ ಬಂಗುಡೆ ಕೊಯ್ಯುತ್ತಾ ನಿಂತೆ.

ನಿರ್ದೇಶಕರು, "ಸುಸ್ತು ಕಾಣ್ತಿಲ್ಲಮ್ಮ. ಸೊಂಟಕ್ಕೆ ಕೈಯಿಟ್ಟು ನಿಟ್ಟುಸಿರು ಬಿಡಿ" ಅಂದರು.

"ಸೊಂಟಕ್ಕೆ ಕೈ ಇಟ್ರೆ ಮೀನ್ ಯಾರ್ ಕೊಯ್ಯುದ್?" ಅಂದೆ.

ಪಾತ್ರ ಪೇಟೆಯ ನಟಿಯೊಬ್ಬಳಿಗೆ ಹೋಯಿತು. ಅವಳ ಒಂದು ನಿಟ್ಟುಸಿರಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ಮನೆಗೆ ಬಂದು ಗೋಡೆಗೆ ಒರಗಿ ಕಾಲು ಚಾಚಿದೆ. ಗಂಡ ನನ್ನ ಮುಖವನ್ನೇ ನೋಡಿ, "ಎಂತ ಸುಮ್ನೆ ಕೂಕಂಡದ್ದ್? ಚಾ ಮಾಡುದಿಲ್ಯಾ?" ಅಂದರು.

ಎದ್ದು ಚಾಕ್ಕೆ ನೀರಿಟ್ಟೆ. ಸಿನೆಮಾದವರನ್ನು ಮಾತ್ರ ದೂರಿ ಎಂತ ಪ್ರಯೋಜನ, ಹೇಳಿ.